ಬಳ್ಳಾರಿಯಿಂದ ಗಂಡಿಕೋಟಕ್ಕೆ: ದಾರಿಯ ಕಲ್ಲು ನೋಡುತ್ತಾ ಹೋಗುವುದು ಹೇಗೆ?

ಬಳ್ಳಾರಿ ಕಡೆಯಿಂದ ಆಂಧ್ರದ ಗಂಡಿಕೋಟ ಕಣಿವೆ ನೋಡಲು ಹೋಗುವವರು ಈಗ ಜಾಸ್ತಿ. ಆದರೆ ಮಟಮಟ ಮಧ್ಯಾಹ್ನ ತಲುಪಿ, ನಾಲ್ಕು ಸೆಲ್ಫಿ ತೆಗೆದು ಅದೇ ದಿನ ತಿರುಗಿ ಬರುತ್ತಾರೆ. ಹೀಗೆ ಮಾಡಿದರೆ ಕಣಿವೆಯೂ ಸರಿಯಾಗಿ ಕಾಣುವುದಿಲ್ಲ, ದಾರಿಯ ಕಲ್ಲೂ ಕಾಣುವುದಿಲ್ಲ. ಎರಡು ದಿನ ಇಟ್ಟುಕೊಳ್ಳಿ.

ನವೆಂಬರ್‌ನಿಂದ ಫೆಬ್ರುವರಿ ಒಳಗೆ ಹೋಗಿ. ಬೆಳಿಗ್ಗೆ ಒಗ್ಗರಣೆ-ಮಿರ್ಚಿ ತಿಂದು ಗುಂತಕಲ್ಲು, ಗುತ್ತಿ, ತಾಡಪತ್ರಿ ದಾರಿ ಹಿಡಿಯಿರಿ. ಹತ್ತು ನಿಮಿಷ ಉಳಿಯುತ್ತೆ ಅಂತ ಮ್ಯಾಪ್ ತೋರಿಸುವ ಒಳರಸ್ತೆಗೆ ಇಳಿಯಬೇಡಿ.

ಗುತ್ತಿವರೆಗೆ ನಮ್ಮ ಬಳ್ಳಾರಿ ಗುಡ್ಡದಂಥ ಗ್ರಾನೈಟ್ ಬಂಡೆಗಳೇ. ಅದು ದಾಟಿ ತಾಡಪತ್ರಿ ಕಡೆ ಹೊರಳಿದ ಮೇಲೆ ನಿಧಾನ ಮಾಡಿ. ದುಂಡು ಬಂಡೆ ಹೋಗಿ ಪದರ ಪದರದ ಕಲ್ಲು ಶುರುವಾಗುತ್ತದೆ. ಹಿಂದೆ ಇಲ್ಲಿ ಸಮುದ್ರದ ನೀರು ನಿಂತಿತ್ತು, ಅದರ ತಳದಲ್ಲಿ ಕೂತದ್ದೇ ಪದರಗಟ್ಟಿ ಈ ಕಲ್ಲಾಯಿತು. ಮನೆಮನೆಗೆ ಹಾಸುವ ಕಡಪ ಕಲ್ಲು ಬರುವುದು ಈ ಸೀಮೆಯಿಂದಲೇ.

ಈ ಪದರದ ಕಲ್ಲಿನಲ್ಲಿ ಪಳೆಯುಳಿಕೆಯೂ ಇದೆ. ಜನ ಎಡವುವುದು ಇಲ್ಲೇ. ಪಳೆಯುಳಿಕೆ ಅಂದರೆ ಮೂಳೆ, ಚಿಪ್ಪು ಅಂತ ಹುಡುಕುತ್ತಾರೆ. ಈ ಕಲ್ಲಾದಾಗ ಭೂಮಿ ಮೇಲೆ ಪ್ರಾಣಿಗಳೇ ಇರಲಿಲ್ಲ. ಇಲ್ಲಿರುವುದು ಸ್ಟ್ರೊಮಾಟೊಲೈಟ್. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಲೋಳೆ ಪರದೆಯಂತೆ ಹರಡಿದವು. ಅದಕ್ಕೆ ಸುಣ್ಣದ ಕಣ, ಕೆಸರು ಅಂಟಿತು. ಅದರ ಮೇಲೆ ಮತ್ತೆ ಪರದೆ, ಮತ್ತೆ ಕೆಸರು. ಹೀಗೆ ಪದರಗಟ್ಟಿ ಕಲ್ಲಾದದ್ದೇ ಸ್ಟ್ರೊಮಾಟೊಲೈಟ್. ಈ ಸೀಮೆಯ ವೇಂಪಲ್ಲೆ ಸ್ತರ ಎಂಬ ಕಲ್ಲಿನ ಪದರದಲ್ಲಿರುವ ಇಂಥ ಕಲ್ಲಿಗೆ ಸುಮಾರು 190 ಕೋಟಿ ವರ್ಷ! ಸುಣ್ಣದ ಕಲ್ಲಿನಂಥ ಬೂದು ಡಾಲಮೈಟ್ ಬಂಡೆ ಕಂಡರೆ ಪಕ್ಕದಿಂದ ನೋಡಿ. ಮೇಲೆ ಧೂಳಿದ್ದರೆ ಏನೂ ಕಾಣುವುದಿಲ್ಲ. ಬಾಟಲಿ ನೀರು ಸ್ವಲ್ಪ ಚೆಲ್ಲಿ, ಕೈಯಿಂದ ಸವರಿ. ಒದ್ದೆಯಾದ ಜಾಗದಲ್ಲಿ ಗೆರೆಗಳು ಎದ್ದು ಬರುತ್ತವೆ: ಅರ್ಧ ಕೊಯ್ದ ಈರುಳ್ಳಿಯಂತೆ, ಮೇಲಕ್ಕೆ ಉಬ್ಬಿದ ತೆಳು ಪದರಗಳು. ಕಲ್ಲಿನ ಮೇಲೆ ಕಪ್ಪಗೆ ಜರೀಗಿಡದ ಎಲೆಯಂಥ ಚಿತ್ತಾರ ಕಂಡರೆ ಮೋಸಹೋಗಬೇಡಿ. ಅದು ಗಿಡವಲ್ಲ, ಬಿರುಕಿನಲ್ಲಿ ಇಳಿದ ಮ್ಯಾಂಗನೀಸ್. ಆಟಿಕೆ ಅಂಗಡಿಯ ಪ್ಲಾಸ್ಟಿಕ್ ಭೂತಗನ್ನಡಿ ದಂಡ. ಅಕ್ಕಸಾಲಿಗರು ಬಳಸುವ ಗಾಜಿನ ಲೆನ್ಸ್ ತನ್ನಿ. ಸುತ್ತಿಗೆ ಮಾತ್ರ ತರಲೇಬೇಡಿ, ಒಡೆದದ್ದು ಮತ್ತೆ ಆಗುವುದಿಲ್ಲ.

ಮಧ್ಯಾಹ್ನ ಬೇಲಂ ಗುಹೆ. ಒಟ್ಟು 3,229 ಮೀಟರ್ ಉದ್ದ, ನಮಗೆ ತೆರೆದಿರುವುದು ಅದರ ಅರ್ಧದಷ್ಟು. ಒಳಗೆ ಸೆಕೆ ಜಾಸ್ತಿ, ಹತ್ತಿ ಬಟ್ಟೆ ಇರಲಿ.

ರಾತ್ರಿ ಗಂಡಿಕೋಟದಲ್ಲೇ ಉಳಿಯಿರಿ, ರೂಮು ಮೊದಲೇ ಬುಕ್ ಮಾಡಿ. ಸೂರ್ಯ ಹುಟ್ಟುವ ಮೊದಲೇ ಕಣಿವೆ ಬಳಿ ಇರಬೇಕು. ಓರೆ ಬಿಸಿಲು ಬಿದ್ದಾಗ ಪ್ರತಿ ಪದರಕ್ಕೂ ನೆರಳು ಬೀಳುತ್ತದೆ, ಕೆಂಪು ಕಲ್ಲಿನ ಅಡ್ಡ ಗೆರೆಗಳು ಎಣಿಸುವಷ್ಟು ಸ್ಪಷ್ಟ. ನೆತ್ತಿ ಬಿಸಿಲಿಗೆ ಎಲ್ಲ ಚಪ್ಪಟೆ. ಕೆಳಗೆ ಹರಿಯುವುದು ನಮ್ಮ ನಂದಿಬೆಟ್ಟದ ಕಡೆ ಹುಟ್ಟಿದ ಉತ್ತರ ಪಿನಾಕಿನಿ. ಅಂಚಿನಲ್ಲಿ ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿ. ಮಕ್ಕಳ ಕೈ ಬಿಡಬೇಡಿ. ಫೋಟೋಗಾಗಿ ಹಿಂದಕ್ಕೆ ಹೆಜ್ಜೆ ಇಡುವುದಂತೂ ಬೇಡವೇ ಬೇಡ.

ವಾಪಸಾಗುವಾಗ ತಾಡಪತ್ರಿಯಲ್ಲಿ ನಿಲ್ಲಿಸಿ. ಇದೇ ನದಿ ದಂಡೆಯ ಬುಗ್ಗ ರಾಮಲಿಂಗೇಶ್ವರ ಗುಡಿಯ ಗೋಪುರಗಳು ಪೂರ್ತಿಯಾಗದೆ ನಿಂತಿವೆ, ಆದರೆ ಕೆತ್ತನೆ ಮಾತ್ರ ಹಂಪಿ ಕಂಡವರೂ ನಿಂತು ನೋಡುವಂಥದ್ದು.