ಅಡ್ರಿನಲ್ ಗಡ್ಡೆ: ರೋಬೋಟೋ, ಮಾಮೂಲಿ ಕೀಹೋಲೋ?

ಮಂಗಳೂರಲ್ಲೋ ಮಣಿಪಾಲದಲ್ಲೋ ಸ್ಕ್ಯಾನ್ ಮಾಡಿಸಿದಾಗ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಕಂಡರೆ ರೋಬೋಟ್ ಯಂತ್ರದ ವಿಚಾರ ಆಮೇಲೆ, ಮೊದಲು ಹಾರ್ಮೋನ್ ಪರೀಕ್ಷೆ ಮುಗಿಯಲಿ: ಮೆಟಾನೆಫ್ರಿನ್ (ಅಡ್ರಿನಲಿನ್ ಒಡೆದು ಬರುವ ವಸ್ತು), ಡೆಕ್ಸಾಮೆಥಸೋನ್ ಮಾತ್ರೆ ಕೊಟ್ಟು ನೋಡುವ ಕಾರ್ಟಿಸಾಲ್, ಬಿಪಿ ಇದ್ದವರಿಗೆ ಆಲ್ಡೋಸ್ಟೆರಾನ್ (ಮೈಯಲ್ಲಿ ಉಪ್ಪು ಹಿಡಿದಿಡುವ ಹಾರ್ಮೋನ್) ಮತ್ತು ರೆನಿನ್.

ಫಿಯೋಕ್ರೊಮೊಸೈಟೋಮ (ಅಡ್ರಿನಲಿನ್ ತರಹದ ಹಾರ್ಮೋನ್ ಸುರಿಸುವ ಗಡ್ಡೆ) ಎಂದು ಬಂದರೆ ಆಪರೇಷನ್ನಿಗೆ 7ರಿಂದ 14 ದಿನ ಮೊದಲೇ ರಕ್ತನಾಳ ಸಡಿಲಿಸುವ ಆಲ್ಫಾ ಬ್ಲಾಕರ್ ಮಾತ್ರೆ ಶುರುವಾಗಬೇಕು. ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಬೇಕಿದ್ದರೂ ಅದರ ನಂತರವೇ. ಹಿಂದುಮುಂದಾದರೆ ಬಿಪಿ ಏಕಾಏಕಿ ಏರುತ್ತದೆ. ಬಿಪಿ ಇದೆ, ಉಪ್ಪು ಬಿಡಿ ಎನ್ನುವ ಮನೆಯವರ ಮಾತು ಇಲ್ಲಿ ಸಲ್ಲದು. ಮಾತ್ರೆ ಹಿಡಿದ ಮೇಲೆ ಸಾಮಾನ್ಯವಾಗಿ ವೈದ್ಯರೇ ಉಪ್ಪು, ನೀರು ಜಾಸ್ತಿ ಮಾಡಿಸುತ್ತಾರೆ, ಗಂಜಿಯ ಜೊತೆ ಉಪ್ಪಿನಕಾಯಿ ನಡೆಯುತ್ತದೆ. ಆಲ್ಡೋಸ್ಟೆರಾನ್ ಗಡ್ಡೆಯವರಿಗಾದರೆ ಉಪ್ಪಿನಕಾಯಿ, ಒಣಮೀನು ಎರಡೂ ಬೇಡ.

ಆಪರೇಷನ್ನಿನಲ್ಲಿ ರೋಬೋಟ್, ಮಾಮೂಲಿ ಕೀಹೋಲ್ ಎರಡು ವಿಧಾನಕ್ಕೂ ಕೆಲವೇ ಸಣ್ಣ ತೂತು, ಹೊಟ್ಟೆ ಉಬ್ಬಿಸಲು ಕಾರ್ಬನ್ ಡೈಆಕ್ಸೈಡ್. ಕಷ್ಟ ಇರುವುದು ಬಲಗಡೆ. ಅಲ್ಲಿಯ ಅಡ್ರಿನಲ್ ಸಿರೆ ಬಹಳ ಗಿಡ್ಡ, ನೇರ ಮಹಾಸಿರೆಗೇ ಸೇರುತ್ತದೆ. ಸ್ವಲ್ಪ ಜಗ್ಗಿದರೂ ಹರಿದು ರಕ್ತಸ್ರಾವ. ಎಡಗಡೆಯದು ಉದ್ದ, ಮೂತ್ರಪಿಂಡದ ಸಿರೆಗೆ ಸೇರುವುದರಿಂದ ಕ್ಲಿಪ್ ಹಾಕಲು ಜಾಗ ಸಿಗುತ್ತದೆ. ರೋಬೋಟಿನ ಉಪಕರಣದ ತುದಿ ಮಣಿಕಟ್ಟಿನ ಹಾಗೆ ತಿರುಗುತ್ತದೆ, ನೋಟಕ್ಕೆ ಆಳವಿದೆ, ಕೈನಡುಕ ಒಳಗೆ ಹೋಗದು. ಆದರೆ ಈಗ ಬಳಕೆಯಲ್ಲಿರುವ ಬಹುತೇಕ ಯಂತ್ರಗಳಲ್ಲಿ ಎಷ್ಟು ಬಿಗಿಯಾಗಿ ಎಳೆದೆವು ಎಂಬುದು ಸರ್ಜನ್ನರ ಕೈಗೆ ತಿಳಿಯುವುದಿಲ್ಲ, ಕಣ್ಣಲ್ಲೇ ಅಂದಾಜು. ಯಂತ್ರ ಜೋಡಿಸಲು ಬೇರೆ ಸಮಯ ಬೇಕು. (ರೋಬೋಟ್ ತಾನಾಗಿ ಕೊಯ್ಯುವುದಿಲ್ಲ, ಕೈ ಸರ್ಜನ್ನರದ್ದೇ.)

3 ಸೆಂ.ಮೀ. ಆಲ್ಡೋಸ್ಟೆರಾನ್ ಗಡ್ಡೆಗೆ ಮಾಮೂಲಿ ಕೀಹೋಲ್ ಧಾರಾಳ ಸಾಕು. ಅಲ್ಲಿ ರೋಬೋಟಿಗೆ ಹೆಚ್ಚುವರಿ ಹಣ ಕೊಡುವುದರಲ್ಲಿ ಅರ್ಥವಿಲ್ಲ. ಗಡ್ಡೆ ದೊಡ್ಡದು, ಮೈ ಬಹಳ ದಪ್ಪ, ಅಥವಾ ಗ್ರಂಥಿಯ ಒಂದು ಭಾಗ ಉಳಿಸಬೇಕು ಎಂದಾದರೆ ರೋಬೋಟಿನ ಬಗ್ಗೆ ಕೇಳಿ. ಸ್ಕ್ಯಾನಿನಲ್ಲಿ ಕ್ಯಾನ್ಸರ್ ಸುತ್ತಲಿನ ಅಂಗಕ್ಕೆ ಹಬ್ಬಿದ ಲಕ್ಷಣವಿದ್ದರೆ ಎರಡೂ ಬೇಡ, ಹೊಟ್ಟೆ ತೆರೆದೇ ಮಾಡಬೇಕು: ಗಡ್ಡೆಯ ಹೊದಿಕೆ ಒಡೆದರೆ ಕ್ಯಾನ್ಸರ್ ಮರಳುವ ಅಪಾಯ ಹೆಚ್ಚು.

ಸರ್ಜನ್ನರನ್ನು ಕೇಳಬೇಕಾದ ಪ್ರಶ್ನೆ: ವರ್ಷಕ್ಕೆ ಎಷ್ಟು ಅಡ್ರಿನಲ್ ಆಪರೇಷನ್? 6ಕ್ಕಿಂತ ಕಡಿಮೆ ಎಂದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ, ಯಂತ್ರ ಎಷ್ಟೇ ಹೊಸದಿರಲಿ. ವಿಮೆ ಇದ್ದರೆ ಪಾಲಿಸಿಯಲ್ಲಿ ರೋಬೋಟಿಕ್ ಸರ್ಜರಿಗೆ ಪ್ರತ್ಯೇಕ ಮಿತಿ ಇದೆಯೇ ಎಂದು ಅಡ್ಮಿಷನ್ನಿಗೆ ಮೊದಲೇ ನೋಡಿ, ಎರಡೂ ವಿಧಾನದ ಎಸ್ಟಿಮೇಟನ್ನು ಬರಹದಲ್ಲಿ ತೆಗೆದುಕೊಳ್ಳಿ.

ಕುಶಿಂಗ್ ಸಿಂಡ್ರೋಮ್ (ಕಾರ್ಟಿಸಾಲ್ ಅತಿಯಾಗುವ ಸ್ಥಿತಿ) ಎಂದು ಗ್ರಂಥಿ ತೆಗೆಸಿದವರು ಮನೆಗೆ ಬಂದ ಮೇಲೆ ಕಾರ್ಟಿಸಾಲ್ ಬದಲಿಗೆ ಕೊಡುವ ಹೈಡ್ರೊಕಾರ್ಟಿಸೋನ್ ಮಾತ್ರೆ ತಾವಾಗಿ ನಿಲ್ಲಿಸಬಾರದು. ವಾಂತಿ, ತಲೆಸುತ್ತು, ವಿಪರೀತ ಸುಸ್ತು ಬಂದರೆ ಬೆಳಗಾಗಲಿ ಎಂದು ಕಾಯದೆ ಎಮರ್ಜೆನ್ಸಿಗೆ ಹೋಗಿ.