ಚೆಕ್ ಡ್ಯಾಂ, ಚೆಕ್ಸ್ ಶರ್ಟು, ಬ್ಯಾಂಕ್ ಚೆಕ್ಕು: ಒಂದು ಇಂಗ್ಲಿಷ್ ಪದದ ಹಳೆಯ ಅರ್ಥಗಳನ್ನು ಹುಡುಕುವ ಕ್ರಮ

ಚೆಕ್ ಡ್ಯಾಂ ಏನನ್ನೂ ಚೆಕ್ ಮಾಡುವುದಿಲ್ಲ. ಹಳ್ಳದ ನೀರನ್ನು ತಡೆದು ಹಿಡಿಯುತ್ತದೆ. ಚೆಕ್ಸ್ ಶರ್ಟಿಗೂ ತಪಾಸಣೆಗೂ ಸಂಬಂಧ ಕಾಣದು. ಬ್ಯಾಂಕಿನ ಚೆಕ್ಕು ಮೂರನೆಯದೇ ಏನೋ. ಇವೆಲ್ಲ ಒಂದೇ ಪದವೋ, ಸದ್ದು ಮಾತ್ರ ಕೂಡಿಬಂದ ಬೇರೆ ಬೇರೆ ಪದಗಳೋ ಎಂದು ತಿಳಿಯಲು ಭಾಷಾವಿಜ್ಞಾನದ ಪದವಿ ಬೇಕಿಲ್ಲ. ಇಂಟರ್‌ನೆಟ್ಟು, ಒಂದಿಪ್ಪತ್ತು ಚೀಟಿ, ಬಿಡುವಿನ ಒಂದು ಮಧ್ಯಾಹ್ನ ಇದ್ದರೆ ಸಾಕು. ಆದರೆ ಕ್ರಮ ಬಿಟ್ಟು ಹೊರಟರೆ ವಾಟ್ಸಾಪಿನಲ್ಲಿ ಓಡಾಡುವ ಕಟ್ಟುಕಥೆಗಳಲ್ಲೇ ಕೊನೆಗೊಳ್ಳುತ್ತೀರಿ. ಇಲ್ಲಿ ಚೆಕ್ ಪದವನ್ನೇ ಹಿಡಿದು ಆ ಕ್ರಮವನ್ನು ತೋರಿಸಿದೆ. ಬೇರೆ ಪದಕ್ಕೂ ಇದೇ ದಾರಿ.

ಮೊದಲು ಚೀಟಿ, ಆಮೇಲೆ ನಿಘಂಟು

ನಿಘಂಟು ತೆರೆಯುವ ಮೊದಲು ಆ ಪದವನ್ನು ಈಗ ಜನ ಎಲ್ಲೆಲ್ಲಿ ಬಳಸುತ್ತಾರೆಂದು ಬರೆದುಕೊಳ್ಳಿ. ಒಂದು ಚೀಟಿಗೆ ಒಂದೇ ಬಳಕೆ. ‘ಪರೀಕ್ಷಿಸು’, ‘ತಡೆ’ ಎಂದು ಬರೀ ಸಮಾನಾರ್ಥಕ ಗೀಚಬೇಡಿ, ಇಡೀ ವಾಕ್ಯವನ್ನೋ ಜೋಡುಪದವನ್ನೋ ಬರೆಯಿರಿ: ಟಿಕೆಟ್ ಚೆಕ್ ಮಾಡುವುದು, ಚೆಕ್‌ಪೋಸ್ಟ್, ಚೆಕ್ ಡ್ಯಾಂ, ಚೆಕ್ಸ್ ಬಟ್ಟೆ, ಬ್ಯಾಂಕ್ ಚೆಕ್, ಚೆಸ್ಸಿನಲ್ಲಿ ರಾಜನಿಗೆ ಕೊಡುವ ಚೆಕ್, ಅಮೆರಿಕದ ಹೋಟೆಲಿನಲ್ಲಿ ಊಟ ಮುಗಿಸಿ ಕೇಳುವ ಚೆಕ್, ಲಗೇಜ್ ಚೆಕ್-ಇನ್, ಫಾರಂನಲ್ಲಿ ಹಾಕುವ ಚೆಕ್ ಮಾರ್ಕ್, ಸಂವಿಧಾನದ ಪಾಠದಲ್ಲಿ ಬರುವ ಚೆಕ್ಸ್ ಅಂಡ್ ಬ್ಯಾಲೆನ್ಸಸ್.

ಜೋಡುಪದಗಳನ್ನು ವಿಶೇಷವಾಗಿ ಹುಡುಕಿ. ಬಿಡಿಪದದಲ್ಲಿ ಸವೆದುಹೋದ ಅರ್ಥ ಜೋಡುಪದದಲ್ಲಿ ಉಳಿದಿರುತ್ತದೆ. ಇಂದು ಯಾರಾದರೂ ‘ಚೆಕ್ ಮಾಡು’ ಎಂದರೆ ‘ತಡೆ’ ಎಂದು ನಮಗೆ ಹೊಳೆಯುವುದಿಲ್ಲ. ಆದರೆ ನಮ್ಮ ಜಲಾನಯನ ಯೋಜನೆಗಳ ಕಡತದಲ್ಲಿ ಆ ಅರ್ಥ ದಿನವೂ ಓಡಾಡುತ್ತಿದೆ.

ಯಾವ ನಿಘಂಟು, ಹೇಗೆ ಓದುವುದು

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಇಲ್ಲಿ ಮುಖ್ಯ. ಇದು ಅರ್ಥಗಳನ್ನು ಇಸವಿ ಸಮೇತ, ಹಳೆಯ ಬರಹಗಳ ಉದ್ಧರಣೆಯೊಡನೆ ಕೊಡುತ್ತದೆ. ಈಗಿನ ಆನ್‌ಲೈನ್ ಆವೃತ್ತಿಗೆ ಹಣ ಕೊಡಬೇಕು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸದಸ್ಯತ್ವವಿದ್ದರೆ ಅಲ್ಲಿ ವಿಚಾರಿಸಿ. ಇಲ್ಲವಾದರೆ ಮೊದಲ ಆವೃತ್ತಿಯ ಸ್ಕ್ಯಾನ್ ಪ್ರತಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಸಿ ಅಕ್ಷರದ ಸಂಪುಟ 1893ರದು. 1100ರಿಂದ 1500ರವರೆಗಿನ ಬಳಕೆಗೆ ಮಿಷಿಗನ್ ವಿಶ್ವವಿದ್ಯಾಲಯದ ಮಿಡಲ್ ಇಂಗ್ಲಿಷ್ ಡಿಕ್ಷನರಿ ಇದೆ, ಅದೂ ಪುಕ್ಕಟೆ. ಹದಿನೆಂಟನೆಯ ಶತಮಾನದ ಓದುಗನಿಗೆ ಪದ ಹೇಗೆ ಕೇಳಿಸುತ್ತಿತ್ತು ಎಂದು ತಿಳಿಯಲು ಸ್ಯಾಮ್ಯುಯೆಲ್ ಜಾನ್ಸನ್‌ನ 1755ರ ನಿಘಂಟು ನೋಡಿ. ತ್ವರಿತವಾಗಿ ಒಂದು ಚಿತ್ರ ಬೇಕಾದರೆ ಎಟಿಮ್‌ಆನ್‌ಲೈನ್ ತಾಣ ಸಾಕು, ಆದರೆ ಅಲ್ಲಿಗೇ ನಿಲ್ಲಬೇಡಿ; ಅಲ್ಲಿ ಸಿಗುವುದು ಸಾರಾಂಶ, ಸಾಕ್ಷ್ಯವಲ್ಲ.

ಚಿಹ್ನೆಗಳ ಬಗ್ಗೆ ಎಚ್ಚರ. ಅರ್ಥದ ಮುಂದೆ ಚಿಕ್ಕ ಕಠಾರಿಯ ಗುರುತಿದ್ದರೆ ಆ ಅರ್ಥ ಬಳಕೆ ತಪ್ಪಿದೆ ಎಂದು. ಪದದ ಮುಂದೆ ನಕ್ಷತ್ರವಿದ್ದರೆ ಅದು ಎಲ್ಲಿಯೂ ಬರಹದಲ್ಲಿ ಸಿಕ್ಕಿಲ್ಲ, ವಿದ್ವಾಂಸರು ಊಹಿಸಿ ಕಟ್ಟಿದ ರೂಪ. ಇಸವಿಯ ಹಿಂದೆ ಸಣ್ಣ ‘ಸಿ’ ಇದ್ದರೆ ‘ಸುಮಾರು’, ಸಣ್ಣ ‘ಎ’ ಇದ್ದರೆ ‘ಅದಕ್ಕಿಂತ ಮೊದಲು’. ಹೊಸಬರು ಎಡವುವುದು ಈ ‘ಎ’ಯಲ್ಲೇ: 1400 ಎಂದು ನಕಲು ಮಾಡಿಕೊಳ್ಳುತ್ತಾರೆ, ‘ಮೊದಲು’ ಬಿಟ್ಟುಹೋಗುತ್ತದೆ. ಇನ್ನೊಂದು ಮಾತು. ನಿಘಂಟಿನಲ್ಲಿರುವ ಮೊದಲ ಇಸವಿ ಪದ ಹುಟ್ಟಿದ ದಿನವಲ್ಲ, ಉಳಿದುಬಂದ ಬರಹದಲ್ಲಿ ಅದು ಮೊದಲು ಕಂಡ ದಿನ. ಬಾಯಿಮಾತಿನಲ್ಲಿ ಅದಕ್ಕೂ ಮೊದಲೇ ಇದ್ದಿರಬಹುದು.

ಬೇರು ಚದುರಂಗದ ಹಾಸಿನಲ್ಲಿದೆ

ಈಗ ಚೆಕ್ ಪದದ ವ್ಯುತ್ಪತ್ತಿ ಓದಿ. ಪರ್ಷಿಯನ್ನಿನ ‘ಶಾಹ್’, ಅಂದರೆ ರಾಜ. ಆಟದಲ್ಲಿ ಎದುರಾಳಿಯ ರಾಜನ ಮೇಲೆ ಏರಿ ಹೋದಾಗ ‘ಶಾಹ್’ ಎಂದು ಕೂಗಿ ಎಚ್ಚರಿಸುತ್ತಿದ್ದರು. ಅದು ಅರಬ್ಬರ ಮೂಲಕ ಯುರೋಪಿಗೆ ಹೋಗಿ ಮಧ್ಯಯುಗದ ಲ್ಯಾಟಿನ್‌ನಲ್ಲಿ ‘ಸ್ಕಾಕ್ಕುಸ್’ ಆಯಿತು, ಹಳೆಯ ಫ್ರೆಂಚಿನಲ್ಲಿ ‘ಎಶೆಕ್’ ಆಯಿತು, ಇಂಗ್ಲಿಷಿನಲ್ಲಿ ತಲೆ ಕತ್ತರಿಸಿಕೊಂಡು ಚೆಕ್ ಆಯಿತು. ಅದೇ ಫ್ರೆಂಚ್ ಪದದ ಬಹುವಚನವೇ ಚೆಸ್. ಆಟ ನಮ್ಮ ಚತುರಂಗದಿಂದ ಹೋದದ್ದು ನಿಜ, ಆದರೆ ಇಂಗ್ಲಿಷ್ ಹೆಸರು ಚತುರಂಗದಿಂದ ಬಂದದ್ದಲ್ಲ. ಆ ಹೆಸರು ಉಳಿದದ್ದು ಸ್ಪ್ಯಾನಿಷಿನ ‘ಅಖೆದ್ರೆಸ್’ನಲ್ಲಿ ಮತ್ತು ನಮ್ಮ ಚದುರಂಗದಲ್ಲಿ. ಇನ್ನೂ ಹಿಂದೆ ಹೋದರೆ ಶಾಹ್ ಪದದ ಪ್ರಾಚೀನ ಪರ್ಷಿಯನ್ ಧಾತು ಸಂಸ್ಕೃತದ ‘ಕ್ಷಯತಿ’ಗೆ, ಅಂದರೆ ‘ಆಳುತ್ತಾನೆ’ ಎಂಬುದಕ್ಕೆ ಜ್ಞಾತಿ. ಕ್ಷತ್ರ, ಕ್ಷತ್ರಿಯ ಆ ಮನೆಯವೇ. ಟಿಕೆಟ್ ಚೆಕ್ಕಿಂಗ್ ಮಾಡುವವರ ವೃತ್ತಿಯ ಹೆಸರಿನಲ್ಲಿ ಕ್ಷತ್ರಿಯನ ದೂರದ ನೆಂಟ ಕೂತಿದ್ದಾನೆ.

ಇಂಥ ಸರಪಳಿ ನೋಡಿದಾಗ ಖುಷಿಯಾಗಿ ಅಲ್ಲೇ ನಿಲ್ಲಬೇಡಿ. ಪ್ರತಿ ಕೊಂಡಿಗೂ ಬರಹದ ಸಾಕ್ಷಿ ಕೇಳಿ. ಇಂಗ್ಲಿಷ್ ಕೊಂಡಿಗೆ ಹದಿನಾಲ್ಕನೆಯ ಶತಮಾನದ ಕವಿ ಜಾಫ್ರಿ ಚಾಸರ್ ಸಿಗುತ್ತಾನೆ. 1368ರಲ್ಲಿ ತೀರಿಕೊಂಡ ಲ್ಯಾಂಕಾಸ್ಟರಿನ ಬ್ಲಾಂಚ್‌ಳ ನೆನಪಿಗೆ ಬರೆದ ಕಾವ್ಯದಲ್ಲಿ ಅದೃಷ್ಟದೇವತೆ ಒಬ್ಬ ಸೈನಿಕನೊಡನೆ ಚದುರಂಗವಾಡಿ, ಅವನ ಕಾಯಿ ಹೊಡೆದು, ಚೆಕ್ ಮತ್ತು ಮೇಟ್ ಎರಡನ್ನೂ ಕೂಗುತ್ತಾಳೆ. ಅದೇ ಜಾಗದಲ್ಲಿ ಆಟದ ಹಾಸಿಗೆ ‘ಚೆಕ್ಕೆರೆ’ ಎಂಬ ಪದವೂ ಬರುತ್ತದೆ. ಒಂದೇ ಉಸಿರಿನಲ್ಲಿ ಎರಡು ಕವಲು ಸಿಕ್ಕವು: ಕೂಗು ಒಂದು, ಚೌಕುಳಿ ಹಾಸು ಇನ್ನೊಂದು. ಎರಡನ್ನೂ ಬೇರೆ ಬಣ್ಣದ ಚೀಟಿಯಲ್ಲಿ ಬರೆದುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಹಾಸಿನ ಕವಲು: ಖಜಾನೆಯ ಮೇಜು

ಹಾಸಿನ ಕವಲಿನಿಂದ ಬಟ್ಟೆಯ ಚೆಕ್ಸ್ ಬಂತೆಂದು ಊಹಿಸುವುದು ಸುಲಭ. ಆದರೆ ಬ್ರಿಟನ್ನಿನ ಹಣಕಾಸು ಮಂತ್ರಿಗೆ ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’ ಎಂಬ ಹೆಸರು ಬಂದದ್ದೂ ಇಲ್ಲಿಂದಲೇ. ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ, ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿಯ ಕಾಲದಲ್ಲಿ, ಖಜಾಂಚಿ ರಿಚರ್ಡ್ ಫಿಟ್ಸ್‌ನೀಲ್ ಈ ಖಜಾನೆ ಕಚೇರಿಯ ಕೆಲಸವನ್ನು ಲ್ಯಾಟಿನ್‌ನಲ್ಲಿ ವಿವರವಾಗಿ ಬರೆದಿಟ್ಟಿದ್ದಾನೆ. ಸುಮಾರು 10 ಅಡಿ ಉದ್ದ, 5 ಅಡಿ ಅಗಲದ ಮೇಜು. ಮೇಲಿಟ್ಟದ್ದು ಉರುಳಿ ಬೀಳದಂತೆ ಸುತ್ತ ನಾಲ್ಕು ಬೆರಳು ಎತ್ತರದ ಅಂಚು. ಮೇಲೆ ಗೆರೆ ಎಳೆದ ಕಪ್ಪು ಬಟ್ಟೆ. ಅದು ಚದುರಂಗದ ಹಾಸಿನಂತೆ ಕಂಡದ್ದರಿಂದ ಕಚೇರಿಗೇ ‘ಸ್ಕಾಕ್ಕಾರಿಯುಂ’ ಎಂಬ ಹೆಸರಾಯಿತು.

ಲೆಕ್ಕ ಹೀಗೆ. ಸಾಲುಗಳು ಬಲದಿಂದ ಎಡಕ್ಕೆ: ಪೆನ್ನಿ, ಶಿಲಿಂಗ್, ಪೌಂಡ್, ಇಪ್ಪತ್ತು ಪೌಂಡು, ನೂರು, ಸಾವಿರ. 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. ಒಬ್ಬ ಶೆರಿಫ್ (ರಾಜನ ಪರವಾಗಿ ಕಂದಾಯ ವಸೂಲಿ ಮಾಡುವ ಅಧಿಕಾರಿ) 153 ಪೌಂಡ್ 7 ಶಿಲಿಂಗ್ 4 ಪೆನ್ನಿ ಕಟ್ಟಬೇಕಿದೆ ಎನ್ನಿ. ನೂರರ ಸಾಲಿನಲ್ಲಿ 1 ಬಿಲ್ಲೆ, ಇಪ್ಪತ್ತರದರಲ್ಲಿ 2, ಪೌಂಡಿನಲ್ಲಿ 13, ಶಿಲಿಂಗಿನಲ್ಲಿ 7, ಪೆನ್ನಿಯಲ್ಲಿ 4. ಕಟ್ಟಬೇಕಾದ್ದು ಮೇಲೆ, ಕಟ್ಟಿದ್ದು ಕೆಳಗೆ. ಎರಡನ್ನೂ ಸಾಲು ಸಾಲಾಗಿ ಹೋಲಿಸಿ ಕಳೆಯುತ್ತಾ ಬಂದರೆ ಬಾಕಿ ಎದುರಿಗೇ ಕಾಣುತ್ತದೆ. ರೋಮನ್ ಅಂಕಿಗಳಲ್ಲಿ, ಸೊನ್ನೆಯಿಲ್ಲದೆ, ಕಾಗದದ ಮೇಲೆ ಇದನ್ನು ಕಳೆದು ನೋಡಿ; ಮೇಜು ಯಾಕೆ ಬೇಕಿತ್ತೆಂದು ಗೊತ್ತಾಗುತ್ತದೆ.

ರಸೀದಿ ಮರದ ಕಡ್ಡಿಯದು. ಸಾವಿರ ಪೌಂಡಿಗೆ ಅಂಗೈಯಷ್ಟು ಅಗಲದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದಕ್ಕೆ ಉಬ್ಬಿದ ಬಾರ್ಲಿ ಕಾಳಿನಷ್ಟು. ಕಡ್ಡಿಯನ್ನು ಉದ್ದಕ್ಕೆ ಸೀಳಿ ಒಂದು ಹೋಳು ಕಚೇರಿಗೆ, ಇನ್ನೊಂದು ಕಟ್ಟಿದವನಿಗೆ. ತಕರಾರು ಬಂದರೆ ಎರಡನ್ನೂ ಜೋಡಿಸಿ ನೋಡಿದರಾಯಿತು. ಈ ಕಡ್ಡಿಗಳ ಹಳೆಯ ರಾಶಿಯನ್ನು 1834ರ ಅಕ್ಟೋಬರ್ 16ರಂದು ಒಲೆಗೆ ಹಾಕಿ ಸುಡಲು ಹೋಗಿ ವೆಸ್ಟ್‌ಮಿನ್‌ಸ್ಟರ್‌ನ ಪಾರ್ಲಿಮೆಂಟ್ ಕಟ್ಟಡವೇ ಉರಿದುಹೋಯಿತು. ಎಕ್ಸ್‌ಚೆಕರ್‌ನ ‘ಎಕ್ಸ್’ಗೂ ಲ್ಯಾಟಿನ್‌ನ ‘ಎಕ್ಸ್’ಗೂ ಸಂಬಂಧವಿಲ್ಲ, ಫ್ರೆಂಚಿನ ‘ಎಸ್’ ಅನ್ನು ತಪ್ಪು ತಿಳಿದು ‘ತಿದ್ದಿ’ದವರ ಕೈಚಳಕ. ಕಾಗುಣಿತವನ್ನೇ ನಂಬಿ ವ್ಯುತ್ಪತ್ತಿ ಹೇಳಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಕೂಗಿನ ಕವಲು: ಒಂದರ ಜಾಗದಲ್ಲಿ ಒಂದನ್ನಿಟ್ಟು ನೋಡುವುದು

ಇನ್ನೊಂದು ಬಣ್ಣದ ಚೀಟಿಗಳನ್ನು ಇಸವಿ ಪ್ರಕಾರ ಜೋಡಿಸಿ. ಚೆಕ್ ಕೊಟ್ಟರೆ ಎದುರಾಳಿಯ ಆಟ ಅಲ್ಲಿಗೆ ನಿಲ್ಲುತ್ತದೆ, ಮೊದಲು ರಾಜನನ್ನು ಉಳಿಸಿಕೊಳ್ಳಬೇಕು. ಹದಿನಾಲ್ಕನೆಯ ಶತಮಾನದಲ್ಲೇ ಇದರಿಂದ ‘ತಟ್ಟನೆ ನಿಲ್ಲಿಸು’, ‘ತಡೆ’, ‘ಗದರಿಸು’ ಎಂಬ ಅರ್ಥಗಳು ಬಂದವು. ‘ಪರೀಕ್ಷಿಸು’ ಎಂಬುದು ತೀರ ಈಚಿನದು, ಹದಿನೇಳನೆಯ ಶತಮಾನದ ಕೊನೆಯದು. ಲೆಕ್ಕವನ್ನು ಅದರ ಇನ್ನೊಂದು ಪ್ರತಿಯೊಡನೆ ತಾಳೆ ನೋಡಿ ಮೋಸಕ್ಕೆ ತಡೆ ಹಾಕುವುದು; ಹೀಗೆ ತಡೆಯಿಂದ ತಾಳೆಗೆ, ತಾಳೆಯಿಂದ ತಪಾಸಣೆಗೆ ಅರ್ಥ ಜಾರಿತು. ಲಗೇಜಿಗೆ ಕೊಡುವ ಬಿಲ್ಲೆ, ಅಮೆರಿಕದ ಹೋಟೆಲ್ ಬಿಲ್ಲು, ಫಾರಂನ ಗುರುತು ಎಲ್ಲವೂ ಈ ತಾಳೆಯ ಕೊಂಬೆಗಳು.

ಹಳೆಯ ವಾಕ್ಯ ಓದುವಾಗ ಇಂದಿನ ಅರ್ಥವನ್ನು ಅದರೊಳಗಿಟ್ಟು ನೋಡಿ. 1600ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ನಾಲ್ಕನೆಯ ಹೆನ್ರಿ ಎರಡನೆಯ ಭಾಗದಲ್ಲಿ, ರಾಜಕುಮಾರ ನ್ಯಾಯಾಧೀಶನ ಕೆನ್ನೆಗೆ ಹೊಡೆದದ್ದಕ್ಕೆ ‘ನಾನವನನ್ನು ಚೆಕ್ ಮಾಡಿದ್ದೇನೆ’ ಎನ್ನುತ್ತಾನೆ ರಾಜಕುಮಾರನ ಗೆಳೆಯ ಫಾಲ್‌ಸ್ಟಾಫ್. ಪರೀಕ್ಷಿಸಿದೆ ಎಂದಿಟ್ಟರೆ ವಾಕ್ಯ ಕುಂಟುತ್ತದೆ. ಗದರಿಸಿದೆ ಎಂದಿಟ್ಟರೆ ಕೂಡಲೇ ಹೊಂದುತ್ತದೆ. ಟ್ವೆಲ್ಫ್ತ್ ನೈಟ್ ನಾಟಕದಲ್ಲಿ ಗಿಡುಗವೊಂದು ಕಂಡ ಕಂಡ ಗರಿಗೆಲ್ಲ ಚೆಕ್ ಆಗುತ್ತದೆ. ಇಲ್ಲಿ ಗದರಿಕೆಯೂ ನಡೆಯದು. ಅದು ಬೇಟೆಗಾರರ ಮಾತು: ಹಿಡಿಯಬೇಕಾದ ಹಕ್ಕಿ ಬಿಟ್ಟು ಬೇರೆಯದರ ಹಿಂದೆ ಹೋಗುವುದು. ಎರಡು ಅರ್ಥ ಇಟ್ಟೂ ಹೊಂದದಿದ್ದರೆ ಅದು ಯಾವುದಾದರೂ ಕಸುಬಿನ ಪದವಿರಬಹುದು; ನಿಘಂಟಿನಲ್ಲಿ ಬೇಟೆ, ಹಡಗು, ಕಾನೂನು ಎಂದು ಗುರುತು ಹಾಕಿದ ಭಾಗ ಹುಡುಕಿ.

ಬ್ಯಾಂಕ್ ಚೆಕ್ಕಿನ ಗೊಂದಲ

ಹದಿನೆಂಟನೆಯ ಶತಮಾನದಲ್ಲಿ ಚೆಕ್ ಎಂದರೆ ಹಣದ ಪತ್ರದ ಪಕ್ಕದಲ್ಲಿ ಉಳಿಸಿಕೊಳ್ಳುವ ಕೌಂಟರ್‌ಫಾಯಿಲ್, ತಾಳೆಗೆ ಬೇಕಾದ ತುಂಡು. ಆಮೇಲೆ ಅಂಥ ತುಂಡಿರುವ ಪತ್ರಕ್ಕೇ ಆ ಹೆಸರು ಬಂತು. ಆಗ ಇಂಗ್ಲೆಂಡಿನಲ್ಲೂ ಕಾಗುಣಿತ ಸಿ-ಕೆ ಇತ್ತು. ಎಕ್ಸ್‌ಚೆಕರ್‌ನ ಪ್ರಭಾವದಿಂದ ಬ್ರಿಟಿಷರು ಮುಂದೆ ಅದನ್ನು ಕ್ಯೂ-ಯು-ಇ ಮಾಡಿದರು. ಅಮೆರಿಕದವರು ಹಳೆಯದನ್ನೇ ಉಳಿಸಿಕೊಂಡರು. ‘ಅಮೆರಿಕದವರು ಕಾಗುಣಿತ ಕೆಡಿಸಿದರು’ ಎಂಬ ದೂರು ಇಲ್ಲಿ ನಿಲ್ಲುವುದಿಲ್ಲ. ಬ್ರಿಟಿಷ್ ರೂಪವೇ 1881ರ ನಮ್ಮ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಆರನೆಯ ಸೆಕ್ಷನ್ನಿನಲ್ಲಿ ಕೂತಿದೆ. ನಿಮ್ಮ ಎರಡು ಬಣ್ಣದ ಚೀಟಿಗಳು ಈ ಒಂದು ಜಾಗದಲ್ಲಿ ಕೂಡುತ್ತವೆ: ಅರ್ಥ ಕೂಗಿನ ಕವಲಿನದು, ಕಾಗುಣಿತ ಹಾಸಿನ ಕವಲಿನದು.

ಈ ಬದಲಾವಣೆಯನ್ನು ಗೂಗಲ್ ಎನ್‌ಗ್ರಾಂನಲ್ಲಿ, ಅಂದರೆ ಅಚ್ಚಾದ ಪುಸ್ತಕಗಳಲ್ಲಿ ಒಂದು ಪದ ಯಾವ ವರ್ಷ ಎಷ್ಟು ಬಳಕೆಯಾಗಿದೆ ಎಂದು ಗೆರೆಯಲ್ಲಿ ತೋರಿಸುವ ತಾಣದಲ್ಲಿ, ನೋಡಬಹುದು. ಬ್ರಿಟಿಷ್ ಮತ್ತು ಅಮೆರಿಕನ್ ಪುಸ್ತಕಸಂಗ್ರಹಗಳನ್ನು ಬೇರೆ ಬೇರೆ ಆರಿಸಿ. ಸಿ-ಕೆ ಚೆಕ್ಕನ್ನು ಬಿಡಿಯಾಗಿ ಹಾಕಿದರೆ ತಡೆ, ತಪಾಸಣೆ, ಬಟ್ಟೆ ಎಲ್ಲ ಒಂದೇ ಗೆರೆಯಲ್ಲಿ ಬೆರೆತು ಬರುತ್ತವೆ, ಏನೂ ತಿಳಿಯುವುದಿಲ್ಲ. ಬ್ಯಾಂಕ್, ಹಣ ಬರುವ ಎರಡು ಮೂರು ಪದಗಳ ತುಂಡು ಹಾಕಿ. ದೊಡ್ಡಕ್ಷರ ಚಿಕ್ಕಕ್ಷರದ ಭೇದ ಬೇಡವಾದರೆ ಆ ಗುಂಡಿ ಒತ್ತಬೇಕು. ಸ್ಮೂತಿಂಗ್ ಸೊನ್ನೆಗೆ ಇಳಿಸಿ, ಇಲ್ಲದಿದ್ದರೆ ಅಕ್ಕಪಕ್ಕದ ವರ್ಷಗಳ ಸರಾಸರಿ ಕಾಣುತ್ತದೆ. 1800ಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಎಫ್‌ನಂತೆ ಕಾಣುವ ಹಳೆಯ ‘ಉದ್ದನೆಯ ಎಸ್’ ಅಕ್ಷರವನ್ನು ಯಂತ್ರ ಎಫ್ ಎಂದು ಓದುತ್ತದೆ. ಮಸುಕು ಮುದ್ರಣದಲ್ಲಿ ಸಿ ಮತ್ತು ಇ ಅದಲುಬದಲಾಗಿ ಚೆಕ್ ಹೋಗಿ ಚೀಕ್ ಆದರೆ ಆಶ್ಚರ್ಯವಿಲ್ಲ. ಆದ್ದರಿಂದ ಗೆರೆ ಏರಿದ ಕಡೆ ಪುಸ್ತಕದ ಪುಟವನ್ನೇ ತೆರೆದು ಕಣ್ಣಾರೆ ಓದಿ, ಮುಖಪುಟದ ಇಸವಿಯನ್ನೂ ನೋಡಿ.

ಸದ್ದು ಕೂಡಿದ ಮಾತ್ರಕ್ಕೆ

ಬ್ಯಾಂಕ್ ಚೆಕ್ಕು ಅರೇಬಿಕ್‌ನ ‘ಸಕ್ಕ್’ನಿಂದ ಬಂತು ಎಂಬ ಮಾತು ಬಹಳ ಕಡೆ ಕಾಣುತ್ತದೆ. ಸಕ್ಕ್ ನಿಜವಾದ ಪದ, ಮಧ್ಯಯುಗದ ಅರಬ್ ವ್ಯಾಪಾರಿಗಳು ಹಣ ಕೊಡಿಸಲು ಬಳಸುತ್ತಿದ್ದ ಪತ್ರ. ಆದರೆ ಇಂಗ್ಲಿಷಿನ ಕಡೆ ನಿಮ್ಮ ಚೀಟಿಗಳು ಹೇಳುವುದೇ ಬೇರೆ: ತಡೆ, ತಾಳೆ, ಕೌಂಟರ್‌ಫಾಯಿಲ್, ಪತ್ರ, ಒಂದೊಂದಕ್ಕೂ ಸಾಕ್ಷಿ. ಸಕ್ಕ್‌ನ ದಾರಿ ಹಿಡಿದರೆ ನಡುವಿನ ಶತಮಾನಗಳಲ್ಲಿ ಕಾಲಿಡಲು ಒಂದು ಚೀಟಿಯೂ ಸಿಗದು. ವಸ್ತು ಒಂದೇ ರೀತಿಯದು, ಪದ ಬೇರೆ.

ಇದೇ ಪರೀಕ್ಷೆಯನ್ನು ನಮ್ಮ ಕ್ರಯಪತ್ರಗಳ ಮೇಲೂ ಮಾಡಬಹುದು. ಸೈಟಿನ ನಾಲ್ಕು ದಿಕ್ಕಿನ ಎಲ್ಲೆ ಹೇಳುವಲ್ಲಿ ‘ಚಕ್ಕುಬಂದಿ’ ಎಂದಿರುತ್ತದೆ. ಕೆಲವು ಪತ್ರಬರಹಗಾರರು ‘ಚೆಕ್ಕುಬಂದಿ’ ಎಂದೇ ಬರೆಯುವುದರಿಂದ, ಅಳತೆ ಚೆಕ್ ಮಾಡಿ ಬರೆದದ್ದು ಎಂದು ಓದಿಕೊಳ್ಳುವವರಿದ್ದಾರೆ. ಇದು ಇಂಗ್ಲಿಷಲ್ಲ, ಜಮೀನಿನ ತುಂಡಿಗೆ ಹಿಂದೂಸ್ತಾನಿಯಲ್ಲಿರುವ ‘ಚಕ್’ ಮತ್ತು ಪರ್ಷಿಯನ್ನಿನ ‘ಬಂದಿ’ ಕೂಡಿದ ಕಂದಾಯ ಇಲಾಖೆಯ ಹಳೆಯ ಮಾತು. ಇಂಥ ಪದಗಳಿಗೆ ಆಕ್ಸ್‌ಫರ್ಡ್ ತೆರೆಯಬೇಡಿ. ಎಚ್. ಎಚ್. ವಿಲ್ಸನ್‌ನ 1855ರ ಕಂದಾಯ ಮತ್ತು ನ್ಯಾಯಾಲಯದ ಪದಕೋಶ, ಕಿಟೆಲ್‌ನ 1894ರ ಕನ್ನಡ-ಇಂಗ್ಲಿಷ್ ನಿಘಂಟು, ಇಂಗ್ಲಿಷಿಗೆ ನಮ್ಮಿಂದ ಹೋದ ಪದವಾದರೆ 1886ರ ಹಾಬ್ಸನ್-ಜಾಬ್ಸನ್ ಪದಕೋಶ; ಮೂರೂ ಸ್ಕ್ಯಾನ್ ಆಗಿ ನೆಟ್ಟಿನಲ್ಲಿವೆ. ಹುಡುಕುವಾಗ ಚಕ್, ಚೆಕ್, ಚಕ್ಕು ಎಲ್ಲ ರೂಪಗಳನ್ನೂ ಹಾಕಿ ನೋಡಿ, ಆ ಕಾಲದ ಇಂಗ್ಲಿಷ್ ಕಾಗುಣಿತದಲ್ಲಿ ಸಿ-ಎಚ್‌-ಯು ಎಂದು ಶುರುವಾಗುವ ರೂಪವನ್ನೂ ಬಿಡಬೇಡಿ.