ಖಾಲಿ ಸೈಟಿನಲ್ಲಿ ಬೀದಿಯವರೆಲ್ಲ ಸೇರಿ ಮಾಡಿದ ತೋಟ

ಕೈತೋಟದಿಂದ ಏನು ಪ್ರಯೋಜನ ಎಂದು ಕೇಳಿದರೆ ಹೆಚ್ಚಿನವರು ವಿಷಮುಕ್ತ ತರಕಾರಿಯ ಮಾತನ್ನೇ ಮೊದಲು ಎತ್ತುತ್ತಾರೆ. ದಕ್ಷಿಣ ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ, ಅಕ್ಕಪಕ್ಕದ ಎರಡು 30×40 ಸೈಟುಗಳಲ್ಲಿ ಹದಿನಾಲ್ಕು ಮನೆಯವರು ಸೇರಿ ನಡೆಸುತ್ತಿರುವ ತೋಟದ ಉಸ್ತುವಾರಿಯನ್ನು ಆರಂಭದಿಂದಲೂ ನೋಡಿಕೊಂಡವನಾಗಿ ಹೇಳುವುದಾದರೆ, ತರಕಾರಿಯ ಲೆಕ್ಕದಲ್ಲಿ ಅದರ ಲಾಭ ದೊಡ್ಡದೇನಲ್ಲ. ಸೊಪ್ಪನ್ನು ಬಿಟ್ಟರೆ ಯಾವ ಮನೆಗೂ ವಾರಕ್ಕೆ ಸಾಲುವಷ್ಟು ಅಲ್ಲಿಂದ ಬಂದದ್ದಿಲ್ಲ. ಹಾಪ್‌ಕಾಮ್ಸ್ ಮಳಿಗೆಗೆ ಹೋಗುವುದು ಯಾರಿಗೂ ತಪ್ಪಿಲ್ಲ. ತಾರಸಿಯ ಕುಂಡಗಳಲ್ಲಿ ಒಂಟಿಯಾಗಿ ಮಾಡಲಾಗದ ಕೆಲಸಗಳು ಹತ್ತು ಮನೆ ಕೂಡಿದಾಗ ಸಾಧ್ಯವಾಗುತ್ತವೆ ಎಂಬುದೇ ನಾನು ಕಂಡ ಲಾಭ.

ಸೈಟಿನ ಮಾಲೀಕರು ಹೊರ ಊರಿನವರು. ಕೇಳಿದ ಮೂರು ತಿಂಗಳೊಳಗೆ ಜಾಗ ಬಿಟ್ಟುಕೊಡುತ್ತೇವೆ, ಮರ ನೆಡುವುದಿಲ್ಲ, ಶೆಡ್ ಹಾಕುವುದಿಲ್ಲ ಎಂದು ಪತ್ರ ಬರೆದುಕೊಟ್ಟ ಮೇಲೆ ಅವರು ಒಪ್ಪಿದರು. ನೆಲದ ತುಂಬ ಇಟ್ಟಿಗೆ ಚೂರು, ಗಾರೆ ಗಟ್ಟಿ ತುಂಬಿದ್ದರಿಂದ ಅಗೆಯುವ ಯೋಚನೆಯನ್ನು ಬಿಟ್ಟು, ಹಾಲೋ ಬ್ಲಾಕುಗಳನ್ನು ಸಿಮೆಂಟ್ ಇಲ್ಲದೆ ಜೋಡಿಸಿ, ಎರಡೂ ಬದಿಯಿಂದ ಕೈ ಎಟುಕುವಂತೆ ನಾಲ್ಕು ಅಡಿ ಅಗಲದ ಏರುಮಡಿಗಳನ್ನು ಮಾಡಿದೆವು. ಅವುಗಳಿಗೆ ಕೆಂಪು ಮಣ್ಣು, ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿಯನ್ನು ಸಮಪಾಲಿನಲ್ಲಿ ಬೆರೆಸಿ ತುಂಬಿದೆವು. ಮನೆಗೊಂದು ಮಡಿ ಸ್ವಂತ. ಸೊಪ್ಪಿನ ಮಡಿಗಳು, ಬಳ್ಳಿಯ ಚಪ್ಪರ ಮತ್ತು ಗೊಬ್ಬರದ ಗುಡ್ಡೆ ಎಲ್ಲರವು. ಎಲ್ಲವೂ ಎಲ್ಲರದ್ದು ಎಂಬ ಸಮಾಜವಾದ ಟೊಮೆಟೊ ಕೆಂಪಾಗುವ ತನಕ ಮಾತ್ರ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೂಡಿ ಮಾಡುವುದರ ಬೆಲೆ ಎಲ್ಲಕ್ಕಿಂತ ಸ್ಪಷ್ಟವಾಗಿ ಗೊತ್ತಾಗುವುದು ಗೊಬ್ಬರದಲ್ಲಿ. ಒಂದು ಮನೆಯ ಹಸಿ ಕಸ ಮಡಕೆಯಲ್ಲಿ ಕೊಳೆಯುತ್ತದೆಯೇ ಹೊರತು ಕಾಯುವುದಿಲ್ಲ, ಏಕೆಂದರೆ ಸೂಕ್ಷ್ಮಜೀವಿಗಳು ಹುಟ್ಟಿಸುವ ಶಾಖವನ್ನು ಹಿಡಿದಿಟ್ಟುಕೊಳ್ಳಲು ಗುಡ್ಡೆ ಉದ್ದ, ಅಗಲ, ಎತ್ತರಗಳಲ್ಲಿ ಕನಿಷ್ಠ ಮೂರು ಅಡಿಯಾದರೂ ಇರಬೇಕು. ನಾವು ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ತರಗೆಲೆಯಂತೆ ಪದರ ಪದರವಾಗಿ ಹಾಕಿ, ನಡುನಡುವೆ ಸಗಣಿ ನೀರು, ಇಲ್ಲವೇ ಹುಳಿ ಮಜ್ಜಿಗೆ ಚಿಮುಕಿಸುತ್ತೇವೆ. ಒಂದು ಹಿಡಿ ತೆಗೆದು ಬಲವಾಗಿ ಹಿಂಡಿದರೆ ಬೆರಳ ಸಂದಿಯಿಂದ ಒಂದೆರಡು ತೊಟ್ಟು ನೀರು ಜಿನುಗಬೇಕು. ಧಾರೆಯಾಗಿ ಇಳಿದರೆ ಎಲೆ ಸಾಲದು, ಏನೂ ಬಾರದಿದ್ದರೆ ನೀರು ಸಾಲದು ಎಂದು ಅರ್ಥ. ಹದ ಸರಿಯಾಗಿದ್ದರೆ ನಾಲ್ಕೈದು ದಿನಗಳಲ್ಲಿ ಗುಡ್ಡೆಯ ಒಳಗೆ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ, ಮತ್ತು 55 ಡಿಗ್ರಿ ದಾಟಿದ ಆ ಶಾಖದಲ್ಲಿ ಕಳೆಯ ಬೀಜಗಳೂ ರೋಗಾಣುಗಳೂ ಬಹುಪಾಲು ಸಾಯುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ಹೊಂಗೆ, ಮಳೆಮರಗಳು ಎಲೆ ಉದುರಿಸುವಾಗ ವರ್ಷಕ್ಕಾಗುವಷ್ಟನ್ನು ಚೀಲಗಳಲ್ಲಿ ತುಂಬಿಟ್ಟುಕೊಳ್ಳುತ್ತೇವೆ. ರಸ್ತೆ ಬದಿಯಲ್ಲಿ ಎಲೆ ಗುಡ್ಡೆಗೆ ಬೆಂಕಿ ಇಡುವುದು ನಮ್ಮ ಬೀದಿಯಲ್ಲಿ ನಿಂತದ್ದು ಬುದ್ಧಿಮಾತಿನಿಂದಲ್ಲ, ಎಲೆಗೆ ಗಿರಾಕಿ ಸಿಕ್ಕಿದ್ದರಿಂದ.

ನೀರಿನ ಪರೀಕ್ಷೆ ಬಂದದ್ದು 2024ರ ಬೇಸಿಗೆಯಲ್ಲಿ. ಹಿಂದಿನ ವರ್ಷದ ಮುಂಗಾರು ಕೈಕೊಟ್ಟು ಕೊಳವೆಬಾವಿಗಳು ಬತ್ತಿದ್ದಾಗ, ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಮಾರ್ಚ್‌ನಲ್ಲಿ ಜಲಮಂಡಳಿಯ ಆದೇಶ ಹೊರಬಿತ್ತು. ತಾರಸಿ ತೋಟ ಮಾಡುತ್ತಿದ್ದ ಪರಿಚಿತರಲ್ಲಿ ಹಲವರು ಆಗ ಕುಂಡಗಳನ್ನು ಖಾಲಿ ಮಾಡಿದರು. ನಾವು ಅರ್ಧದಷ್ಟು ಮಡಿಗಳನ್ನು ಬೀಳುಬಿಟ್ಟು, ಉಳಿದವುಗಳ ಮೇಲೆ ಮೂರು ಅಂಗುಲ ತರಗೆಲೆ ಹೊದಿಸಿ, ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಮನೆಗೆ ಒಂದು ಬಕೆಟ್‌ನಂತೆ ಸಂಜೆ ತಂದು ಸುರಿಯುವ ಏರ್ಪಾಡು ಮಾಡಿಕೊಂಡೆವು. ಹದಿನೈದು ಲೀಟರಿನ ಹದಿನಾಲ್ಕು ಬಕೆಟ್ ಎಂದರೆ ದಿನಕ್ಕೆ ಇನ್ನೂರ ಹತ್ತು ಲೀಟರ್ ಆಯಿತು, ಹೊದಿಕೆಯಿದ್ದ ಮಡಿಗಳಿಗೆ ಅಷ್ಟು ಸಾಕಾಯಿತು. ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಲವಣ ಹೆಚ್ಚಿರುವುದರಿಂದ ಅದನ್ನು ಮಾತ್ರ ಬೇಡವೆಂದೆವು. ಮಳೆ ಬಂದ ಮೇಲೆ ಪಕ್ಕದ ಮನೆಯ ತಾರಸಿಯ ಪೈಪನ್ನು ಸಾವಿರ ಲೀಟರಿನ ಎರಡು ಹಳೆಯ ಸಿಂಟೆಕ್ಸ್ ಟ್ಯಾಂಕುಗಳಿಗೆ ತಿರುಗಿಸಿದೆವು. ನೂರು ಚದರ ಮೀಟರ್ ತಾರಸಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚು ಕಡಿಮೆ ಎರಡೂ ತುಂಬುತ್ತವೆ. ಮಕ್ಕಳ ರಜೆಯಲ್ಲಿ ಅರ್ಧ ಬೀದಿ ಊರಿಗೆ ಹೋದರೂ ಉಳಿದವರು ಪಾಳಿಯಲ್ಲಿ ನೀರು ಹಾಕುವುದರಿಂದ ಗಿಡ ಒಣಗುವುದಿಲ್ಲ.

ತಿಳಿವಳಿಕೆಯೂ ಹೀಗೆಯೇ ಕೂಡಿಬರುತ್ತದೆ. ಹಿಂದಿನ ಬೀದಿಯ ಯುವ ಗೃಹಿಣಿಯೊಬ್ಬರು ಮಡಿಯ ಅಂಚಿನ ಕಳೆಯನ್ನೆಲ್ಲ ಶ್ರದ್ಧೆಯಿಂದ ಕೀಳುತ್ತಿದ್ದಾಗ, ಮನೆಗೆಲಸಕ್ಕೆ ಬರುವ ಕೋಲಾರದ ಕಡೆಯ ಹೆಂಗಸು ಕಂಡು, "ಅಯ್ಯೋ ಅಕ್ಕ, ಅದನ್ಯಾಕೆ ಕೀಳ್ತೀರಿ, ಅಣ್ಣೆ ಸೊಪ್ಪಲ್ವಾ ಅದು? ಮಸ್ಸೊಪ್ಪು ಮಾಡಿ ನೋಡಿ" ಎಂದು ತಡೆದು, ಕಿತ್ತು ಹಾಕಿದ ರಾಶಿಯಿಂದಲೇ ಬೆರಕೆ ಸೊಪ್ಪನ್ನು ಆರಿಸಿ ಕೊಟ್ಟರು. ಅಂದಿನಿಂದ ಅವರಿಗೂ ಒಂದು ಮಡಿ ಇದೆ, ಮಾಸಿಕ ವಂತಿಗೆ ಇಲ್ಲ.

ಅವರೆಯ ವಿಷಯದಲ್ಲಿ ಮಾತ್ರ ಒಮ್ಮತ ಮೂಡಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುತ್ತದೆ. ನಾಟಿ ಅವರೆಯಾದರೋ ಹಗಲು ಗಿಡ್ಡವಾಗುವ ತನಕ ಚಪ್ಪರದ ತುಂಬ ಎಲೆಯನ್ನೇ ತೋರಿಸುತ್ತ ಕಾಯಿಸುತ್ತದೆ. ಆದರೂ ಸೊಗಡು ಇರುವುದು ಅದರಲ್ಲೇ ಎಂಬುದು ಹಿರಿಯರ ವಾದ, ನನ್ನ ಮತವೂ ಅವರ ಕಡೆಗೇ. ಬೀಜದ ಪೊಟ್ಟಣಗಳನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ತಂದು ಹಂಚಿಕೊಳ್ಳುತ್ತೇವೆ. ಅರ್ಕಾ ಅನಾಮಿಕ ಬೆಂಡೆಯಲ್ಲಿ ಎರಡು ಗಿಡಗಳನ್ನು ಬೀಜಕ್ಕೆಂದೇ ಬಲಿಯಲು ಬಿಡುತ್ತೇವೆ. ಅರ್ಕಾ ರಕ್ಷಕ್ ಟೊಮೆಟೊ ಸಂಕರಣ ತಳಿಯಾದ್ದರಿಂದ ಪ್ರತಿ ಸಲ ಹೊಸ ಬೀಜವನ್ನೇ ಕೊಳ್ಳಬೇಕು.

ಮಾಲೀಕರು ಬರುವ ವರ್ಷ ಮನೆ ಕಟ್ಟುವ ಸೂಚನೆ ಕೊಟ್ಟಿರುವುದರಿಂದ ಚಕ್ರಮುನಿ, ಕರಿಬೇವು, ದೊಡ್ಡಪತ್ರೆಗಳನ್ನು ಈಗಾಗಲೇ ಡ್ರಮ್ಮುಗಳಿಗೆ ದಾಟಿಸಿದ್ದೇವೆ. ಬ್ಲಾಕುಗಳನ್ನು ಬಿಡಿಸಿ ಒಯ್ಯಬಹುದು, ಮಣ್ಣನ್ನು ಚೀಲಕ್ಕೆ ತುಂಬಬಹುದು. ಹೊಸ ಜಾಗಕ್ಕಾಗಿ ಎರಡು ಸೈಟು ನೋಡಿದ್ದೇವೆ. ಒಂದರಲ್ಲಿ ಬಿಸಿಲು ಚೆನ್ನಾಗಿದೆ, ಇನ್ನೊಂದರ ಪಕ್ಕದ ಮನೆಯವರು ತಾರಸಿಯ ಮಳೆನೀರು ಕೊಡಲು ಒಪ್ಪಿದ್ದಾರೆ. ಎರಡನೆಯದನ್ನೇ ಆರಿಸಬೇಕೆಂದು ನಾನು ಸಭೆಯಲ್ಲಿ ಹೇಳಲಿದ್ದೇನೆ.